ಗಾರೆಯಡಿಯ ಒಂದು ಪದರ: ಕಾರವಾರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೆ,

ಮೂವತ್ತು ವರ್ಷ ಸ್ಲ್ಯಾಬ್ ಹಾಕಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದ ಸಿವಿಲ್ ಎಂಜಿನಿಯರ್ ನಾನು. ಈಗ ಕೋಡಿಬಾಗದ ಫ್ಲಾಟೊಂದರಲ್ಲಿ ನಿವೃತ್ತ ಜೀವನ. ಮೇಲಿನ ಮನೆಯವರು ಸಜ್ಜನರು. ಅವರ ಮಾತಾಗಲಿ ಟಿ.ವಿ.ಯಾಗಲಿ ನಮಗೆ ಕೇಳಿಸದು. ಆದರೆ ಬೆಳಗಿನ ಐದಕ್ಕೆ ಅವರು ಕುಟ್ಟಾಣಿಯಲ್ಲಿ ಶುಂಠಿ ಜಜ್ಜಿದರೆ, ಕುರ್ಚಿ ಎಳೆದರೆ, ನಮ್ಮ ನೆತ್ತಿಯ ಮೇಲೆಯೇ ಜಜ್ಜಿದಂತೆ, ಎಳೆದಂತೆ ಆಗುತ್ತದೆ. ತಪ್ಪು ಅವರದಲ್ಲ, ನೆಲದ್ದು. ಅಂಥ ನೆಲಗಳನ್ನು ನಾನೂ ಹಾಕಿಸಿದ್ದೇನೆ. ಹಿಂದೆ ಹಂಚಿನ ಮನೆಯ ಅಟ್ಟದ ಹಲಗೆಯೂ ಸದ್ದು ಮಾಡುತ್ತಿತ್ತು ನಿಜ, ಆದರೆ ಅಲ್ಲಿರುತ್ತಿದ್ದುದು ತೆಂಗಿನಕಾಯಿ ರಾಶಿ, ಇನ್ನೊಂದು ಸಂಸಾರವಲ್ಲ.

ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ 300 ಕಿಲೋಗೂ ಹೆಚ್ಚು ತೂಗುತ್ತದೆ. ಗಾಳಿಯಲ್ಲಿ ಬರುವ ಮಾತಿನ ಸದ್ದಿಗೆ ಇಷ್ಟು ಭಾರವನ್ನು ಅಲುಗಿಸುವ ಶಕ್ತಿ ಸಾಲದು. ಬಡಿತದ ಬಗೆಯೇ ಬೇರೆ: ಪೆಟ್ಟು ನೇರ ಕಾಂಕ್ರೀಟಿಗೇ ಬಿದ್ದು, ಇಡೀ ಸ್ಲ್ಯಾಬ್ ಕಂಪಿಸಿ, ಆ ಕಂಪನ ಗೋಡೆಗಳಿಗೂ ಹರಿಯುತ್ತದೆ. ದಪ್ಪವನ್ನು ಒಂದಿಂಚು ಹೆಚ್ಚಿಸಿದರೆ ಸರಿಹೋದೀತೆನ್ನುವ ಗುತ್ತಿಗೆದಾರರಿದ್ದಾರೆ. ಅದರಿಂದ ಹೆಚ್ಚಾಗಿ ಬೆಳೆಯುವುದು ಸಿಮೆಂಟಿನ ಬಿಲ್ಲು.

ಬೇಕಾದುದು ಪೆಟ್ಟನ್ನು ಬಿದ್ದಲ್ಲಿಯೇ ನುಂಗುವ ಮೆತ್ತನೆಯ ಪದರ. ಸ್ಲ್ಯಾಬಿನ ಮೇಲೆ ರಬ್ಬರ್, ಕಾರ್ಕ್ ಅಥವಾ ಇದಕ್ಕೆಂದೇ ಸಿಗುವ ಫೋಮಿನ ಹಾಸು ಹರಡಿ, ಅದರ ಮೇಲೆ ಸುಮಾರು ಎರಡೂವರೆ ಇಂಚು ಗಾರೆ ಹಾಕಿ, ಆಮೇಲೆ ಟೈಲ್ಸ್ ಕೂರಿಸಬೇಕು. ಹಾಸು ಗೋಡೆಯಂಚಿನಲ್ಲಿ ಟೈಲ್ಸ್ ಮಟ್ಟದವರೆಗೂ ಮೇಲೆದ್ದಿರಬೇಕು; ಮೇಸ್ತ್ರಿಯ ಕರಣೆಯಿಂದ ಜಾರಿದ ಒಂದು ಹಿಡಿ ಗಾರೆ ಗೋಡೆಗೆ ತಾಗಿ ಗಟ್ಟಿಯಾದರೂ ಸದ್ದಿಗೆ ದಾರಿ ಬಿಟ್ಟುಕೊಟ್ಟಂತೆಯೇ. ಬಚ್ಚಲಿನ ಪೈಪು ಇಳಿಯುವ ತೂತಿನ ಸುತ್ತಲೂ ಇದೇ ಎಚ್ಚರಿಕೆ ಬೇಕು. ಕಟ್ಟುವಾಗ ಇದು ಸಣ್ಣ ಕೆಲಸ. ಕಟ್ಟಿದ ಮೇಲಾದರೆ ಟೈಲ್ಸ್ ಒಡೆಯಬೇಕು, ನೆಲ ಏರಿತೆಂದು ಬಾಗಿಲುಗಳ ಅಡಿ ಕೊಯ್ಯಬೇಕು. ಕೆಳಮನೆಯವರು ಫಾಲ್ಸ್ ಸೀಲಿಂಗ್ ಮಾಡಿಸಿಕೊಂಡರೆ ಅಷ್ಟಿಷ್ಟು ಕಡಿಮೆಯಾದೀತು, ಗೋಡೆಯಲ್ಲಿ ಇಳಿದು ಬರುವ ಸದ್ದನ್ನು ಅದು ತಡೆಯದು. ಹಣ ಖರ್ಚು ಮಾಡಿಯೇ ಈ ಮಾತು ಹೇಳುತ್ತಿದ್ದೇನೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿ ಶಬ್ದ ತಡೆಗೆಂದೇ ಒಂದು ವಿಭಾಗವಿದೆ. ಆದರೆ ಸಂಹಿತೆ ಶಿಫಾರಸು ಮಾತ್ರ. ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ತನ್ನ ಕಟ್ಟಡ ಉಪವಿಧಿಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಕಾನೂನಿನ ಬಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬಲ್ ಮಿತಿ ವಿಧಿಸಿದ್ದು ಸುತ್ತಲಿನ ಪರಿಸರಕ್ಕೆ. ಮೇಲ್ಮನೆಯ ಕುರ್ಚಿಯ ಮೇಲೆ ಅದನ್ನು ಹಿಡಿದು ದೂರು ಕೊಡಲು ಹೋದರೆ ನಗೆಪಾಟಲಾದೇವು. ಇಂಗ್ಲೆಂಡಿನಲ್ಲಿ ಹೊಸದಾಗಿ ಕಟ್ಟಿದ ಫ್ಲಾಟುಗಳ ನಡುವಿನ ನೆಲಕ್ಕೆ ಬಡಿತದ ಸದ್ದಿನ ಮಿತಿ 62 ಡೆಸಿಬಲ್ ಎಂದಿದ್ದು, ಅರ್ಧ ಕಿಲೋದ ಐದು ಸುತ್ತಿಗೆಗಳು ಸೆಕೆಂಡಿಗೆ ಹತ್ತು ಪೆಟ್ಟು ಹಾಕುವ ಯಂತ್ರವನ್ನು ಮೇಲಿಟ್ಟು ಕೆಳಕೋಣೆಯಲ್ಲಿ ಅಳೆಯುತ್ತಾರೆ.

ಅಂಥ ಯಂತ್ರ ನಾಳೆಯೇ ಕಾರವಾರಕ್ಕೆ ಬರಲೆಂದು ನಾನು ಕೇಳುತ್ತಿಲ್ಲ. ಬಹುಮಹಡಿ ವಸತಿ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಾಗ ನೆಲದ ವಿವರದಲ್ಲಿ ಈ ಪದರ ಕಾಣಿಸಿರಬೇಕೆಂದೂ, ನಗರಸಭೆಯ ಎಂಜಿನಿಯರ್ ಹಾಸನ್ನು ಕಣ್ಣಾರೆ ನೋಡಿ ಸಹಿ ಹಾಕದ ಹೊರತು ಕಟ್ಟಡದಲ್ಲಿ ವಾಸಕ್ಕೆ ಅನುಮತಿಸುವ ಸ್ವಾಧೀನ ಪ್ರಮಾಣಪತ್ರ ನೀಡಕೂಡದೆಂದೂ ಉಪವಿಧಿಗಳಿಗೆ ತಿದ್ದುಪಡಿ ತರುವಂತೆ ತಾವು ಸದನದಲ್ಲಿ ಒತ್ತಾಯಿಸಬೇಕೆಂದು ಕೋರುತ್ತೇನೆ. ಆ ತಪಾಸಣೆ ಗಾರೆ ಹಾಕುವ ಮುನ್ನವೇ ಆಗಬೇಕು. ಹಾಕಿದ ಮೇಲೆ ಒಳಗೆ ಹಾಸಿದೆಯೋ ಇಲ್ಲವೋ ಎಂಬುದು ಕೆಳಮನೆಗೆ ಬಂದವರಿಗಷ್ಟೇ ಗೊತ್ತಾಗುತ್ತದೆ.

ಇಂತಿ,
ಕೋಡಿಬಾಗದ ನಿವಾಸಿ