ಸಿರಿಲಿಕ್ ಲಿಪಿಯೆಲ್ಲ ರಷ್ಯನ್ ಭಾಷೆಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರಿನ ಬೀದಿಯೊಂದರ ಚಿತ್ರದ ಕೆಳಗೆ ‘ರಷ್ಯನ್ ಭಾಷೆಯ ಅಂಗಡಿ ಫಲಕಗಳು’ ಎಂದು ಅಚ್ಚಾಗಿತ್ತು. ಆ ಫಲಕಗಳ ಲಿಪಿ ಸಿರಿಲಿಕ್, ಭಾಷೆ ಮಾತ್ರ ಮಂಗೋಲಿಯನ್. ನಮ್ಮ ಖಡೇಬಜಾರಿನ ಮರಾಠಿ ಬೋರ್ಡನ್ನು ಕಂಡು ಪರಸ್ಥಳದವರು ಹಿಂದಿ ಎಂದರೆ ಬೆಳಗಾವಿಯವರು ನಕ್ಕುಬಿಡುತ್ತೇವೆ. ಇದೂ ಅಂಥದೇ ತಪ್ಪು. 1940ರ ದಶಕದಲ್ಲಿ ಮಂಗೋಲಿಯನ್ನರು ಈ ಲಿಪಿಯನ್ನು ತಮ್ಮದಾಗಿಸಿಕೊಂಡಾಗ, ರಷ್ಯನ್ನಿನ 33 ಅಕ್ಷರಗಳು ತಮ್ಮ ಸ್ವರಗಳಿಗೆ ಸಾಲದೆಂದು ಇನ್ನೆರಡನ್ನು ಸೇರಿಸಿ 35 ಮಾಡಿಕೊಂಡರು. ಅವುಗಳಲ್ಲೊಂದು, ನಡುವೆ ಅಡ್ಡಗೆರೆ ಎಳೆದ ಸೊನ್ನೆಯಂಥ ಅಕ್ಷರ, ತಾವು ಅಚ್ಚು ಹಾಕಿದ ಚಿತ್ರದಲ್ಲೇ ಎರಡು ಕಡೆ ಕಾಣುತ್ತದೆ. ಇಂದಿನ ರಷ್ಯನ್ ವರ್ಣಮಾಲೆಯಲ್ಲಿ ಅದು ಇಲ್ಲ.

ಈ ಲಿಪಿಯ ತವರು ಕೂಡ ರಷ್ಯಾ ಅಲ್ಲ. ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಲ್ಗೇರಿಯನ್ ಸಾಮ್ರಾಜ್ಯದಲ್ಲಿ ರೂಪುಗೊಂಡ ಇದಕ್ಕೆ ಸಂತ ಸಿರಿಲ್‌ನ ಹೆಸರು ಬಂದಿದೆಯಾದರೂ, ಅವನು ರಚಿಸಿದ್ದು ಗ್ಲಾಗೊಲಿಟಿಕ್ ಎಂಬ ಬೇರೆಯೇ ಲಿಪಿಯನ್ನು ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. 2007ರಲ್ಲಿ ಐರೋಪ್ಯ ಒಕ್ಕೂಟದ ಮೂರನೆಯ ಅಧಿಕೃತ ಲಿಪಿಯಾಗಿ ಸಿರಿಲಿಕ್ ಸೇರಿದ್ದೂ ಬಲ್ಗೇರಿಯಾದ ಪ್ರವೇಶದಿಂದಲೇ.

ಲಿಪಿ ಒಂದಾದ ಮಾತ್ರಕ್ಕೆ ಓದು ಒಂದಾಗುವುದಿಲ್ಲ. ತಲೆಕೆಳಗಾದ ಇಂಗ್ಲಿಷ್ ‘ಎಲ್’ನಂತೆ ಕಾಣುವ ಅಕ್ಷರವನ್ನು ರಷ್ಯನ್ನರು ಸಾಮಾನ್ಯವಾಗಿ ‘ಗ’ ಎಂದು, ಉಕ್ರೇನಿನವರು ‘ಹ’ ಎಂದು ಉಚ್ಚರಿಸುತ್ತಾರೆ. ಯುದ್ಧದ ಸುದ್ದಿಗಳಲ್ಲಿ ಒಂದೇ ಊರು ಒಂದು ದಿನ ಲುಗಾನ್ಸ್ಕ್, ಮರುದಿನ ಲುಹಾನ್ಸ್ಕ್ ಆಗುವುದು ಇದರಿಂದ. ರಷ್ಯನ್ನಿನಲ್ಲಿ ಸ್ವಂತ ದನಿಯೇ ಇಲ್ಲದೆ ಬರಿಯ ಗುರುತಾಗಿ ನಿಲ್ಲುವ ಇನ್ನೊಂದು ಅಕ್ಷರ ಬಲ್ಗೇರಿಯನ್ನಿನಲ್ಲಿ ಪೂರ್ಣ ಸ್ವರ, ಆ ದೇಶದ ಹೆಸರಿನಲ್ಲೇ ಎರಡನೆಯ ಸ್ಥಾನದಲ್ಲಿ ಕೂತಿದೆ. ನಮ್ಮ ಭಾಗದವರಿಗೆ ಇದು ವಿಚಿತ್ರವೆನಿಸಬಾರದು: ‘ಜ್ಞಾನ’ದ ಮೊದಲ ಅಕ್ಷರವನ್ನು ದೇವನಾಗರಿಯಲ್ಲಿ ಒಂದೇ ರೀತಿ ಬರೆದರೂ ಹಿಂದಿಯವರು ‘ಗ್ಯಾ’ ಎನ್ನುತ್ತಾರೆ, ನಮ್ಮ ಪಕ್ಕದ ಮನೆಯ ಮರಾಠಿ ಆಯಿ ‘ದ್ನ್ಯಾ’ ಎನ್ನುತ್ತಾರೆ. (ಕನ್ನಡಿಗರಾದ ನಾವು ಏನೆನ್ನುತ್ತೇವೆ ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ.)

ತೊಡಕು ಹೆಚ್ಚುವುದು ಹೆಸರುಗಳು ಇಂಗ್ಲಿಷಿನ ಮೂಲಕ ಬಂದಾಗ. ನಮ್ಮ ಜಿಲ್ಲೆಗಳಿಂದ ವೈದ್ಯಕೀಯ ಓದಲು ಹೋದ ಮಕ್ಕಳಿಂದಾಗಿ ಮನೆಮಾತಾದ ‘ಖಾರ್ಕಿವ್’ ಎಂಬ ಹೆಸರಿನ ಮೊದಲ ಅಕ್ಷರ ಮಹಾಪ್ರಾಣ ‘ಖ’ ಅಲ್ಲ. ಅದು ಗಂಟಲಿನಿಂದ ಹೊರಡುವ, ‘ಹ’ಕಾರಕ್ಕೆ ಹತ್ತಿರವಾದ ದನಿ. ಇಂಗ್ಲಿಷಿನವರು ಎರಡಕ್ಷರ ಜೋಡಿಸಿ ಅದನ್ನು ಸೂಚಿಸಿದರು, ನಾವು ಆ ಜೋಡಿಯನ್ನು ‘ಖ’ ಎಂದು ಓದಿದೆವು. ರೂಢಿಯಾದ ಹೆಸರನ್ನು ಈಗ ಬದಲಿಸಿರೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಹೊಸ ಊರಿನ ಹೆಸರು ಬಂದಾಗ, ಅದು ಯಾವ ಭಾಷೆಯದೆಂದು ಮೊದಲು ವಿಚಾರಿಸಿ ಕನ್ನಡಕ್ಕೆ ಇಳಿಸುವ ಕ್ರಮವನ್ನು ಸುದ್ದಿಮನೆಯಲ್ಲಿ ಪಾಲಿಸಬೇಕೆಂದೂ, ಮುಂದಿನ ಪುರವಣಿಯಲ್ಲಿ ಉಲಾನ್‌ಬಾತರಿನ ಚಿತ್ರದ ಅಡಿಬರಹಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭಾಷಾ ಶಿಕ್ಷಕ, ಟಿಳಕವಾಡಿ, ಬೆಳಗಾವಿ