ಶೀಟಿನ ಮೇಲೆ ಸೋಗೆ ಹೊದಿಸಿದವರಿಗೆ

ನಾನು ದನಕರು ಸಾಕಣೆಗೆ ಊರವರ ನೆರವಿಗೆ ನಿಲ್ಲುವ ಪಶುಸಖಿಯಾಗಿ ಮೊನ್ನೆಗೆ ಐದು ವರ್ಷ ತುಂಬಿತು. ಹೊಸನಗರ ತಾಲ್ಲೂಕಿನ ನಮ್ಮೂರ ಡೈರಿಗೆ ಬೆಳಿಗ್ಗೆ ಹಾಲು ಹಾಕಲು ಬಂದವರೆಲ್ಲ ಸೇರಿ ಒಂದು ಶಾಲು ಹೊದಿಸಿದರು. ಮಾತಾಡು ಅಂದರು. ಗಂಟಲು ಕಟ್ಟಿ ಒಂದು ಮಾತೂ ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ತರಬೇತಿ ಮುಗಿಸಿ ಬಂದ ಹುರುಪಿನಲ್ಲಿ ಮನೆಮನೆಗೆ ಹೋಗಿ, ನಮ್ಮ ನಾಟಿ ದನ ಗಿಡ್ಡ ಮಾರಿ, ಹೆಚ್ಚು ಹಾಲಿನ ವಿದೇಶಿ ತಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕಟ್ಟಿ ಅಂದಿದ್ದು ನಾನೇ. ಕೊಟ್ಟಿಗೆಯ ಹೆಂಚು ಇಳಿಸಿ ತಗಡಿನ ಶೀಟು ಹಾಕಿಸಿ, ಮಂಗ ಹೆಂಚು ಒಡೆಯುವ ಕಾಟ ತಪ್ಪುತ್ತದೆ ಅಂದಿದ್ದೂ ನಾನೇ. ದಿನಕ್ಕೆ ಎರಡು ಲೀಟರ್ ಕೊಡುವ ಮಲೆನಾಡು ಗಿಡ್ಡದ ಪಕ್ಕ ಹತ್ತು ಲೀಟರ್ ಕೊಡುವ ಹಸು ನಿಂತರೆ ಯಾರಿಗೆ ಆಸೆ ಆಗಲ್ಲ? ಜನ ನಂಬಿದರು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಮಲೆನಾಡಲ್ಲೂ ಬರವಾ ಅಂತ ಬಯಲುಸೀಮೆಯ ನೆಂಟರು ನಕ್ಕರು. ಮುಂದಿನ ಬೇಸಿಗೆಯಲ್ಲಿ ನಾನು ಹಾಕಿಸಿದ ಶೀಟೆಲ್ಲ ಕಾದ ಕಾವಲಿ ಆಯಿತು. ತಂಪು ದೇಶದ ತಳಿ ಅಲ್ವಾ, ಎಚ್‌ಎಫ್‌ಗಳು ಬಾಯಿ ತೆರೆದು ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದವು. ನೀರು ಎಷ್ಟು ಇಟ್ಟರೂ ಸಾಲದು, ಹಿಂಡಿ ಮುಟ್ಟುವುದಿಲ್ಲ. ಎಂಟು ಲೀಟರ್ ಐದಕ್ಕೆ ಇಳಿಯಿತು. ಬೆದೆಗೆ ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಮೈಮೇಲೆ ನೀರು ಹೊಡೆಯಿರಿ ಅಂದೆ. ಕಿಟಕಿಯಿಲ್ಲದ ಕೊಟ್ಟಿಗೆಯಲ್ಲಿ ನೀರು ಹೊಡೆದರೆ ಗಾಳಿ ಆಡದೆ ಸೆಕೆ ಇನ್ನೂ ಜಾಸ್ತಿಯಾಯಿತು. ಅದೂ ನನ್ನದೇ ಬುದ್ಧಿವಂತಿಕೆ.

ಆಗ ಮೇಲಿನ ಕೇರಿಯ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅಂಗಳದ ಚಪ್ಪರಕ್ಕೆ ಅಡಿಕೆ ಸೋಗೆ ಹೊದಿಸ್ತೀವಿ. ದನಗಳಿಗೆ ಹೊದಿಸಬಾರ್ದು ಅಂತ ನಿಮ್ಮ ಪುಸ್ತಕದಲ್ಲಿ ಇದ್ಯಾ?" ಎರಡೇ ದಿನದಲ್ಲಿ ಹುಡುಗರು ಮಾಡು ಹತ್ತಿ ಶೀಟಿನ ಮೇಲೆ ದಪ್ಪಗೆ ಸೋಗೆ ಹೊದಿಸಿದರು. ಪಡುವಣ ಗೋಡೆಯ ಮೇಲಿನ ಎರಡು ಸಾಲು ಕಲ್ಲು ತೆಗೆದರು. ಮಳೆಗಾಲಕ್ಕೆ ತಟ್ಟಿ ಕಟ್ಟಿದರಾಯಿತು ಅಂದರು. ಗಾಳಿ ಆಡಿತು. ಆಮೇಲೆ ನೀರು ಹೊಡೆದದ್ದೂ ಉಪಯೋಗಕ್ಕೆ ಬಂತು. ಇಪ್ಪತ್ತೆರಡು ಕೊಟ್ಟಿಗೆ ಮಾಡಿದರು, ಒಬ್ಬರೂ ಕೂಲಿ ಕೇಳಲಿಲ್ಲ. ಹುಡುಗರೇ, ನಿಮಗೆ ಏನಂತ ಹೇಳಲಿ!

ಗಾಳಿಯಾಡದಂತೆ ತುಂಬಿಟ್ಟು ಹುಳಿ ಬರಿಸಿದ ಹಸಿ ಮೇವು ಅಂದರೆ ರಸಮೇವು, ಅದರ ಕಥೆಯೂ ಇದೆ. ಶಿಕಾರಿಪುರದ ಕಡೆಯಿಂದ ಹಸಿ ಜೋಳದ ದಂಟು ತರಿಸಿ, ಕತ್ತರಿಸಿ ಡ್ರಮ್ಮಿಗೆ ತುಂಬಿಸಿದೆ. ಸರಿಯಾಗಿ ತುಳಿಸಲಿಲ್ಲ. ಒಳಗೆ ಗಾಳಿ ಉಳಿದು ಬೂಸ್ಟು ಹಿಡಿದು ಮೂರು ಡ್ರಮ್ಮು ತಿಪ್ಪೆಗೆ ಹೋಯಿತು. ಅಷ್ಟೂ ಸಂಘದ ಅಕ್ಕಂದಿರ ದುಡ್ಡು. ಯಾರಾದರೂ ಬೈದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಮುಂದಿನ ಭಾನುವಾರ ಶಾಲೆ ಮಕ್ಕಳನ್ನೆಲ್ಲ ಕರೆತಂದು ಹೊಸ ದಂಟು ತುಳಿಸಿದರು. 45 ದಿನ ಬಿಟ್ಟು ಮುಚ್ಚಳ ತೆಗೆದಾಗ ಬಂದ ಹುಳಿ ಪರಿಮಳ ನನಗಂತೂ ಹಬ್ಬದಡುಗೆಗಿಂತ ಹೆಚ್ಚು.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತಿದ ಡಾಕ್ಟರಿಗೆ, ಪಶು ಆಂಬುಲೆನ್ಸಿನ ನಂಬರ್ 1962ಕ್ಕೆ ಕರೆ ಮಾಡಿದರೆ ಕೆಸರಲ್ಲೂ ಗಾಡಿ ತಂದ ಡ್ರೈವರಣ್ಣನಿಗೆ ನಮಸ್ಕಾರ. ನಮ್ಮ ಆಶಾ ಅಕ್ಕನಿಗೂ. ದನ ಮೇಯಿಸಲು ಕಾಡಿಗೆ ಹೋದರೆ ಉಣುಗಿನ ಭಯ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಂಡ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಕೈಕಾಲಿಗೆ ಉಣುಗು ಹತ್ತದ ಎಣ್ಣೆ ಹಚ್ಚಿಕೊಳ್ಳದೆ ಯಾರನ್ನೂ ಕಾಡಿಗೆ ಬಿಡದವರು ಆಶಾ ಅಕ್ಕ. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆದ ಕಥೆ ಬೇಡ ಬಿಡಿ, ಶಾಲು ಹೊದ್ದ ದಿನ ಯಾಕೆ.

ಎಚ್‌ಎಫ್ ಬೇಡ ಅಂತ ಈಗಲೂ ಹೇಳುವುದಿಲ್ಲ. ಸಾಲದ ಕಂತು ಗಿಡ್ಡದ ಹಾಲಲ್ಲಿ ತೀರಲ್ಲ. ಆದರೆ ಗಿಡ್ಡ ಮಾರಿ ಅಂತ ಮಾತ್ರ ಇನ್ನು ಯಾರಿಗೂ ಹೇಳಲ್ಲ. ಆ ಬರದ ಬೇಸಿಗೆಯಲ್ಲಿ ಸಿಕ್ಕಿದ್ದು ಮೇದು ತಾನಾಗೇ ಮನೆಗೆ ಬರುತ್ತಿದ್ದದ್ದು ದೊಡ್ಡಮ್ಮನ ಗಿಡ್ಡ. ನಾನು ಮಾರಿ ಅಂದಾಗೆಲ್ಲ "ಹೂಂ ಕಣೇ, ಮಾರಣ" ಅನ್ನುತ್ತಲೇ ಉಳಿಸಿಕೊಂಡಿದ್ದರು.

ಅದರ ಕರು ಈಗ ನಮ್ಮ ಕೊಟ್ಟಿಗೆಯಲ್ಲಿದೆ. ದೊಡ್ಡಮ್ಮ ದುಡ್ಡು ಮುಟ್ಟಲಿಲ್ಲ. ಹಗ್ಗ ಬಿಚ್ಚಿದರೆ ಸಾಕು, ಸಂಜೆ ಸೀದಾ ಅವರ ಮನೆಗೇ ಓಡುತ್ತದೆ. ದಿನಾ ಹೋಗಿ ಕರೆತರುವುದು, ಹೋದವಳು ಕಾಫಿ ಕುಡಿದು ಬರುವುದು.