ಹೊಳೆ ಉಕ್ಕಿದ ದಿನ 0 ಮಿ.ಮೀ.: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಪರಿಹಾರ ಸಿಗುವುದು ತೋಟ ನೋಡಿ ಅಲ್ಲ, ಪಂಚಾಯಿತಿಯ ಮಳೆಮಾಪಕದ ಅಂಕಿ ನೋಡಿ. ಈ ನಿಯಮ ತಮಗೆ ಗೊತ್ತಿದ್ದದ್ದೇ. ಆ ಮಾಪಕವನ್ನು ನೋಡಿಕೊಳ್ಳುವವರು ಯಾರೆಂಬುದು ಮಾತ್ರ ನಮಗಿನ್ನೂ ಗೊತ್ತಾಗಿಲ್ಲ.

ಹೋದ ಆಷಾಢದಲ್ಲಿ ಹೊಳೆ ಉಕ್ಕಿ ಬಸ್ಸು ನಿಂತ ದಿನ, ಪಂಚಾಯಿತಿ ತಾರಸಿಯ ಮಾಪಕ ಕಳಿಸಿದ್ದು 0 ಮಿ.ಮೀ. ಆಲಿಕೆಯ ತೂತಿನಲ್ಲಿ ಕೊಳೆತ ಎಲೆ, ಹಕ್ಕಿ ಹಿಕ್ಕೆ ಸೇರಿ ಗಟ್ಟಿಯಾಗಿತ್ತು. ಮೇಲೆ ನೀರು ತುಂಬಿ ಚೆಲ್ಲುತ್ತಿದ್ದರೆ ಒಳಗಿನ ಬಟ್ಟಲು ಒಣಒಣ. ದೂರಿಗೆ ಬಂದ ಉತ್ತರ: "ಸರ್ವರ್‌ನಲ್ಲಿ ಮಳೆ ಇಲ್ಲ." ಕೊಳೆ ರೋಗಕ್ಕೆ ಉದುರಿದ ಕಾಯಿಗಳು ಸರ್ವರ್ ಕೇಳಿ ಉದುರಬೇಕಿತ್ತೇ ಸ್ವಾಮಿ?

ತಾರಸಿಯ ಮೇಲಿರುವುದು ಟಿಪ್ಪಿಂಗ್ ಬಕೆಟ್ ಯಂತ್ರ: ಒಳಗಿನ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚುತ್ತದೆ, ಎಷ್ಟು ಸಲ ಮಗುಚಿತೆಂದು ಎಣಿಸಿ ಮಳೆ ಲೆಕ್ಕ ಹಾಕುತ್ತದೆ. ಆ ಯಂತ್ರವೇ ಬೇಡ ಎನ್ನುತ್ತಿಲ್ಲ. ಯಾವ ಗಳಿಗೆಯಲ್ಲಿ ಎಷ್ಟು ರಭಸ ಎಂದು ಹೇಳುವುದು ಅದೇ. ಆದರೆ ಬಟ್ಟಲು ಮಗುಚುವಾಗ ಬೀಳುವ ನೀರು ಲೆಕ್ಕಕ್ಕೆ ಸಿಗದು. ಮಳೆ ಬಿರುಸಾದಷ್ಟೂ ಅಂಕಿ ನಿಜಕ್ಕಿಂತ ಕಡಿಮೆ. ವಾರಗಟ್ಟಲೆ ಬಿಸಿಲಿಲ್ಲದೆ ಬ್ಯಾಟರಿ ಇಳಿದರೆ ಅದೂ ಇಲ್ಲ. ಉಪಗ್ರಹದ ಅಂಕಿ ತುಂಬುತ್ತೇವೆ ಎನ್ನಬೇಡಿ. ಅದರ ಒಂದೊಂದು ಚೌಕ ಸುಮಾರು 10 ಕಿ.ಮೀ. ಅಗಲ, ಘಟ್ಟದ ನೆತ್ತಿಗೂ ಆಚೆಯ ಬಯಲಿಗೂ ಒಂದೇ ಅಂಕಿ. ತಗ್ಗು ಮೋಡ ಸುರಿಸುವ ನಮ್ಮ ಜಡಿಮಳೆಯನ್ನು ಅದು ಕಡಿಮೆಯೇ ಅಂದಾಜಿಸುತ್ತದೆ. ರೇಡಾರಿಗೆ ಬೆಟ್ಟ ಅಡ್ಡ.

ಬೇಡಿಕೆ ಒಂದೇ: ಪ್ರತಿ ಯಂತ್ರದ ಜೊತೆಗೆ ಒಂದು ಸಾದಾ ಮಳೆಮಾಪಕ ಇಡಿಸಿ. ತಾರಸಿಯಲ್ಲಲ್ಲ, ನೆಲದಲ್ಲಿ. ಬಾಯಿ 200 ಚದರ ಸೆಂ.ಮೀ., ಅಂಚು ನೆಲದಿಂದ 30 ಸೆಂ.ಮೀ. ಮೇಲೆ, ಮರ-ಗೋಡೆಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರ. ಒಳಗೆ 10 ಲೀಟರ್ ಬಾಟಲಿ ಇದ್ದರೆ 500 ಮಿ.ಮೀ. ಬಿದ್ದರೂ ಚೆಲ್ಲದು. ಬೆಳಿಗ್ಗೆ 8.30ಕ್ಕೆ ಅಳತೆ ಜಾಡಿಯಲ್ಲಿ ಅಳೆದು ಪಂಚಾಯಿತಿ ಬೋರ್ಡಿನಲ್ಲಿ ಬರೆಯಲಿ.

ಮುಂಗಾರಿಗೆ ಮೊದಲು ಯಂತ್ರವನ್ನೂ ಪರೀಕ್ಷಿಸಲಿ. ಅಷ್ಟೇ, ಅಂದರೆ 200 ಚದರ ಸೆಂ.ಮೀ. ಬಾಯಿಯ ಯಂತ್ರಕ್ಕೆ 1 ಲೀಟರ್ ನೀರನ್ನು ಒಂದು ಗಂಟೆ ಹೊತ್ತು ತೊಟ್ಟಿಕ್ಕಿಸಿದರೆ 50 ಮಿ.ಮೀ. ತೋರಿಸಬೇಕು. ಒಂದು ಸಲ ಮಗುಚಿದರೆ 0.5 ಮಿ.ಮೀ. ಎಂದು ಎಣಿಸುವ ಬಟ್ಟಲಾದರೆ 100 ಸಲ ಮಗುಚಬೇಕು. 90ಕ್ಕೆ ನಿಂತರೆ ಮೊದಲು ಬಟ್ಟಲು ತೊಳೆಯಬೇಕು, ಆಮೇಲೆ ಅದರ ಕೆಳಗಿನ ತಡೆ ಸ್ಕ್ರೂಗಳನ್ನು ತುಸು ಮೇಲೇರಿಸಬೇಕು. ಇದಕ್ಕೂ ತಜ್ಞರ ಸಮಿತಿ ಬೇಕೇ?

ಸಾದಾ ಮಾಪಕ ಇಡಿಸಿ. ಎರಡರ ಅಂಕಿ ತಾಳೆಯಾಗದ ದಿನ ಸಾದಾ ಮಾಪಕದ್ದನ್ನೇ ವಿಮೆಗೆ ಒಪ್ಪಬೇಕೆಂದು ಆದೇಶ ಮಾಡಿಸಿ. ಪರಿಶೀಲಿಸುತ್ತೇವೆ ಎಂಬ ಉತ್ತರ ನಮ್ಮಲ್ಲಿ ಬೇಕಾದಷ್ಟಿದೆ, ಮತ್ತೊಂದು ಕಳಿಸಬೇಡಿ. ಮಾಪಕ ಕಳಿಸಿ.

ಇಂತಿ,
ಮಲೆನಾಡಿನ ಅಡಿಕೆ ಬೆಳೆಗಾರರು